ಶ್ಯಾಮಲಮ್ಮನ ಎಡಗಡೆ

ಶ್ಯಾಮಲಮ್ಮನ ಎಡಗಡೆ ಯಾರೂ ಕೂರುವಂತಿರಲಿಲ್ಲ. ಮದುವೆಯ ಊಟದ ಸಾಲಿನಲ್ಲಿ ಅವಳು ಎಡತುದಿಯ ಎಲೆಯನ್ನೇ ಹುಡುಕಿಕೊಂಡು ಹೋಗುವಳು. ಅಲ್ಲಿ ಬೇರೆ ಯಾರಾದರೂ ಕುಳಿತಿದ್ದರೆ ಆ ಪಂಕ್ತಿ ಎದ್ದು ಮುಂದಿನ ಪಂಕ್ತಿ ಹಾಕುವವರೆಗೆ ಹಸಿದುಕೊಂಡೇ ಕಂಬಕ್ಕೆ ಒರಗಿ ನಿಲ್ಲುವಳು. ದಿಬ್ಬೂರಹಳ್ಳಿಯಲ್ಲಿ ಬಸ್ಸು ಹತ್ತಿದಾಗ ಎಡಬದಿಯ ಕಿಟಕಿಯ ಸೀಟು ಖಾಲಿ ಇಲ್ಲದಿದ್ದರೆ ಶಿಡ್ಲಘಟ್ಟ ಮುಟ್ಟುವತನಕ ನಿಂತೇ ಬರುವಳು. ಬೀದಿಯಲ್ಲಿ ಎಡಗಡೆಯ ಗೋಡೆಗಳನ್ನು ಭುಜದಿಂದ ಸವರಿಕೊಂಡೇ ನಡೆಯುವಳಾದ್ದರಿಂದ ಅವಳ ರವಿಕೆಗಳಲ್ಲಿ ಬಲತೋಳು ಅಂಗಡಿಯಿಂದ ತಂದಂತೆಯೇ ಇದ್ದು, ಎಡತೋಳು ಮಾತ್ರ ಸವೆದು ನೂಲು ಬಿಟ್ಟಿರುತ್ತಿತ್ತು. ಎಡಕ್ಕೆ ನೋಡಲೇಬೇಕಾದ ಪ್ರಸಂಗ ಬಂದರೆ ಕಣ್ಣನ್ನಾಗಲಿ ಕತ್ತನ್ನಾಗಲಿ ಹೊರಳಿಸದೆ, ಹೊರೆ ಹೊತ್ತ ಗಾಡಿ ಇಕ್ಕಟ್ಟಿನ ಓಣಿಯಲ್ಲಿ ತಿರುಗುವಂತೆ ಇಡೀ ದೇಹವನ್ನೇ ನಿಧಾನವಾಗಿ ತಿರುಗಿಸಿ, ಎಡವನ್ನು ಎದುರು ಮಾಡಿಕೊಂಡ ಮೇಲೆ ನೋಡುವಳು.

“ನನ್ನ ಹೆಂಡ್ತಿಗೆ ದೇವ್ರು ಒಂದೇ ಪಕ್ಕ ಕೊಟ್ಟವ್ನೆ ಕಣ್ರಪ್ಪ, ಇನ್ನೊಂದು ಪಕ್ಕಾನ ಗೋಡೆಗೆ ಬರ್ಕೊಟ್ಬಿಟ್ಟವ್ನೆ” ಎಂದು ಅವಳ ಗಂಡ ಆವಲಪ್ಪ ಜಗಲಿಯ ಮೇಲೆ ನಗುತ್ತಿದ್ದ. ನಗುತ್ತಿದ್ದನೇ ಹೊರತು, ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಅವಳ ಎಡಕ್ಕೆ ಹೋಗಿ ಕುಳಿತವನಲ್ಲ.

ಅವಳ ಇನ್ನೊಂದು ಹಟ ಮಾತಿನದು. “ಅಂದಾಜು ಬೇಡ” ಎಂಬುದು ಅವಳ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಬಸ್ಸು ಹತ್ತು ಗಂಟೆಗೆ ಬಂತು ಎಂದರೆ “ಹತ್ತು ಅಂದ್ರೆ ಹತ್ತೋ, ಹತ್ತೂ ಐದೋ?” ಎಂದು ಕೇಳುವಳು. ಓದು ಎರಡನೇ ತರಗತಿಗೆ ನಿಂತಿತ್ತು. ಆದರೆ ರೇಷ್ಮೆಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರವೆನ್ನುತ್ತಾರಲ್ಲ, ಆ ಒಂದೊಂದು ಜ್ವರ ದಾಟಿ ಎದ್ದ ಹುಳುವಿಗೂ ಹಿಪ್ಪುನೇರಳೆ ಸೊಪ್ಪನ್ನು ಎಷ್ಟಗಲಕ್ಕೆ ಹೆಚ್ಚಬೇಕೆಂಬುದರಲ್ಲಿ ಅವಳ ಕತ್ತಿ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಹೆಚ್ಚಿದ ಸೊಪ್ಪಿನ ಬುಟ್ಟಿಯನ್ನು ಹುಳುಮನೆಯ ಬಾಗಿಲತನಕ ತಂದು ಹೊಸಿಲಿನಾಚೆ ಇಟ್ಟು ಬರುವಳು. ಒಳಗೆ ಮಾತ್ರ ಕಾಲಿಡಳು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುವಾಗ ಸಣ್ಣ ಸೋನೆ ಹಿಡಿದಂತೆ ಸದ್ದಾಗುತ್ತದೆ; ಆ ಸದ್ದನ್ನು ಹೊರಗಿನಿಂದಲೇ ಕೇಳಿ, ಮೂರನೇ ಸಾಲಿನ ತಟ್ಟೆಗೆ ಸೊಪ್ಪು ಕಮ್ಮಿಯಾಗಿದೆ ಎಂದು ಆವಲಪ್ಪನಿಗೆ ಕೂಗಿ ಹೇಳುವಳು. ಚಳಿಗಾಲದಲ್ಲಿ ಊರಿಗೆಲ್ಲ ತಣ್ಣನೆಯ ಮನೆಯೆಂದರೆ ಅವಳದು. ಗಂಡನ ಹಳೆಯ ಕಂದು ಸ್ವೆಟರನ್ನು ಸೀರೆಯ ಮೇಲೆ ಮೊಣಕಾಲಿನತನಕ ಇಳಿಬಿಟ್ಟುಕೊಂಡು ನಡುಗುತ್ತ ಕೂರುವಳೇ ವಿನಾ ಒಂದು ಹಿಡಿ ಇದ್ದಲನ್ನು ಹೊಸಿಲೊಳಗೆ ಬಿಟ್ಟುಕೊಳ್ಳಳು.

ಇದ್ದಲಿನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಆವಲಪ್ಪನ ತಮ್ಮ ಕೋನಪ್ಪನಿಗೆ ಆಂಧ್ರದ ಗಡಿಯ ಕಡೆಯಿಂದ ಹೆಣ್ಣು ತಂದಿದ್ದರು, ಹೆಸರು ಕಲ್ಯಾಣಿ. ಕನ್ನಡವನ್ನು ಚೆನ್ನಾಗಿಯೇ ಆಡುತ್ತಿದ್ದಳು, ಆದರೆ ನಗು ಬಂದಾಗಲೂ ನಿದ್ದೆಗಣ್ಣಿನಲ್ಲೂ ಅವಳ ಬಾಯಿಗೆ ತೆಲುಗೇ ಬರುವುದು. ವಾರಗಿತ್ತಿಯರಿಬ್ಬರೂ ಸೇರಿ ಹುಳು ಸಾಕುತ್ತಿದ್ದರು. ಪುಷ್ಯಮಾಸದ ಚಳಿಗೆ ಹುಳು ಮೇಯುವುದಿಲ್ಲ, ಮೇಯದ ಹುಳು ಗೂಡು ಕಟ್ಟುವುದಿಲ್ಲ. ಹಾಗಾಗಿ ಹುಳುಮನೆಯ ಕಿಟಕಿಗೆ ಗೋಣಿತಾಟು ಬಿಗಿದು, ಒಳಗೆ ಇದ್ದಲಿನ ಅಗ್ಗಿಷ್ಟಿಕೆಯಿಟ್ಟು, ಒಬ್ಬರಾದ ಮೇಲೊಬ್ಬರು ಅಲ್ಲೇ ಚಾಪೆ ಹಾಸಿ ಮಲಗುವುದು ರೂಢಿ. ಕಲ್ಯಾಣಿಯ ಸರದಿ ಬಂದ ಒಂದು ದಿನ, ಬೆಳಗಿನ ಐದೂವರೆಗೆ ಸೊಪ್ಪಿನ ಬುಟ್ಟಿ ಹೊತ್ತು ಬಾಗಿಲು ತೆಗೆದವಳು ಶ್ಯಾಮಲಮ್ಮ. ಕೆಂಡದ ಕೆಟ್ಟ ಗಾಳಿಗೆ ಕಲ್ಯಾಣಿಯ ಉಸಿರು ಎಷ್ಟೋ ಗಂಟೆಗಳ ಮೊದಲೇ ನಿಂತಿದೆ ಎಂದು ಡಾಕ್ಟರು ಹೇಳಿದರು. ವರ್ಷ ತಿರುಗುವುದರೊಳಗೆ ಕೋನಪ್ಪ ಗೌರಿಬಿದನೂರಿನ ಕಡೆ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಮೂರು ವರ್ಷದ ಮಗಳು ಹರಿತಾ, ಮಕ್ಕಳಿಲ್ಲದ ದೊಡ್ಡಮ್ಮನ ಬಲತೊಡೆಯ ಮೇಲೆ ಉಳಿದುಬಿಟ್ಟಳು. ದೊಡ್ಡಮ್ಮ ಎಂಬ ಮಾತು ತಿಂಗಳೊಪ್ಪತ್ತಿನಲ್ಲಿ ಸವೆದು ಅಮ್ಮ ಎಂದಾಯಿತು. ಆವಲಪ್ಪ ಹಳೆಯ ಹುಳುಮನೆಯನ್ನು ಕೆಡವಿ, ನಾಲ್ಕು ಕಡೆಗೂ ಗಾಳಿಯಾಡುವಂತೆ ಹೊಸದು ಕಟ್ಟಿಸಿ, ಕರೆಂಟಿನ ಹೀಟರು ತಂದ. ಅದರ ಹೊಸಿಲನ್ನೂ ಅವಳು ದಾಟಲಿಲ್ಲ.

ಹೀಗೆಯೇ ಸವೆದುಹೋಗುತ್ತಿತ್ತೇನೋ ಅವಳ ಆಯುಷ್ಯ; ಹರಿತಾ ಬಸಿರಾದಳು. ಚಿಂತಾಮಣಿಗೆ ಮದುವೆಯಾಗಿ ಹೋಗಿ ಅಲ್ಲೊಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದವಳು, ಐದನೇ ತಿಂಗಳಲ್ಲಿ ಒಂದು ಭಾನುವಾರ ಬಂದು ಸೊಪ್ಪಿನ ರಾಶಿಯ ಪಕ್ಕದಲ್ಲಿ ಕಾಲು ಚಾಚಿ ಕುಳಿತು ಹೇಳಿದಳು:

“ಅಮ್ಮ, ಏಳರಲ್ಲಿ ಬಂದ್ಬಿಡ್ತೀನಿ. ಲೀವ್‌ಗೂ ಹೇಳಿದೀನಿ. ಮೂರು ತಿಂಗಳು ಬಾಣಂತನ ನಿಂದೇ.”

ಶ್ಯಾಮಲಮ್ಮ ಕತ್ತಿಯಿಂದ ಕಣ್ಣೆತ್ತಲಿಲ್ಲ. “ಬೇಡ ಕಣಮ್ಮ. ಅಲ್ಲೇ ಚಿಂತಾಮಣೀಲೇ ಯಾರ್ನಾದ್ರೂ ಇಟ್ಕೊಳ್ಳಿ.”

“ಯಾರ್ನ?”

“ಬಾಣಂತನ ಗೊತ್ತಿರೋರ್ನ.”

ಹರಿತಾ ತಮಾಷೆಯೆಂದುಕೊಂಡಳು, ಮುಖ ನೋಡಿದ ಮೇಲೆ ತಮಾಷೆಯಲ್ಲವೆಂದು ತಿಳಿಯಿತು. “ನಿನ್ನ ಹೊಟ್ಟೇಲಿ ಹುಟ್ಟಿದ್ರೆ ಈ ಮಾತು ಆಡ್ತಿದ್ಯೇನಮ್ಮ?”

ಶ್ಯಾಮಲಮ್ಮ ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡು ಹೆಚ್ಚತೊಡಗಿದಳು. ಹರಿತಾ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಅಂದಿನಿಂದ ಅವಳ ಫೋನು ಆವಲಪ್ಪನಿಗೆ ಮಾತ್ರ ಬರತೊಡಗಿತು. ಅವನು ಮಾತಾಡುವಷ್ಟು ಹೊತ್ತೂ ಶ್ಯಾಮಲಮ್ಮ ಅಡಿಗೆಮನೆಯಲ್ಲಿ ನಲ್ಲಿ ನಿಲ್ಲಿಸಿ, ಪಾತ್ರೆ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದಳು.

ತವರಿಗೆ ಬಂದ ಮಗಳನ್ನು ಬೇಡವೆಂದವಳನ್ನು ಊರು ಬಿಟ್ಟೀತೇ? “ಕಲ್ಲು ಕಣೇ ನೀನು, ಆ ಕಲ್ಯಾಣಿ ಮೇಲಿಂದ ನೋಡ್ತವ್ಳೆ” ಎಂದಳು ಪಕ್ಕದ ಮನೆಯ ಅಮ್ಮಾಜಮ್ಮ. ಊರಿನ ಅರ್ಧಕ್ಕರ್ಧ ಬಾಣಂತನಗಳನ್ನು ಮಾಡಿದ ಕೈ ಅವಳದು. ಆದರೆ ಬಾಣಂತಿಯ ಕೋಣೆಯೆಂದರೆ ನಮ್ಮಲ್ಲಿ ಏನು? ಗಾಳಿ ನುಸುಳದಂತೆ ಮುಚ್ಚಿದ ಕಿಟಕಿ, ಮಬ್ಬು ಬೆಳಕು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಸಾಂಬ್ರಾಣಿ, ಹೊದ್ದು ಮಲಗಿದ ಒಂದು ಹೆಣ್ಣು. ಅಂಥ ಕೋಣೆಯ ಬಾಗಿಲನ್ನು ಬೆಳಗಾಗೆದ್ದು ತೆಗೆಯಬೇಕಾದವಳು ತಾನು ಎಂದು ಎಣಿಸಿದ ಮಾತ್ರಕ್ಕೇ ಶ್ಯಾಮಲಮ್ಮನ ಅಂಗೈ ಬೆವರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಹೋದರೆ ಅದರ ಬೆನ್ನಿಗೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ಆ ಇನ್ನೊಂದನ್ನು ಅವಳು ಗಂಡನಿಗೂ ಹೇಳಿದ್ದಿಲ್ಲ.

ಆವಲಪ್ಪ ತನ್ನ ಸಂಕಟವನ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬಾಬಾಜಾನನ ಮುಂದೆ ತೋಡಿಕೊಂಡ. ಬಾಬಾಜಾನ್ ನೂಲು ತೆಗೆಯುವ ಹಳೆಯ ಮನೆತನದವನು. ಈ ಮನೆಯ ಗೂಡನ್ನು ಮೂವತ್ತು ವರ್ಷದಿಂದ ಕೊಂಡವನು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಹುಳು ಒಣಗಿದೆಯೋ ಹಸಿಯಿದೆಯೋ ಎಂದು ಹೇಳಿದರೆ ಅದು ಸುಳ್ಳಾದ ದಿನವಿಲ್ಲ.

“ಆವಲಪ್ಪಣ್ಣ, ಇಂಥ ಭಯ ಬಿಡಿಸೋದೇ ನನ್ ಮಗಳು ಸಾಬ್ರೀನ್ ಕೆಲ್ಸ, ಚಿಕ್ಕಬಳ್ಳಾಪುರದಾಗೆ. ಸೂಜಿ ಇಲ್ಲ, ಮಾತ್ರೆ ಇಲ್ಲ. ಎದುರಿಗೆ ಬೆರಳು ಆಡಿಸ್ತಾಳೆ, ಕಣ್ಣು ಅದರ ಹಿಂದೆ ಹೋಗ್ಬೇಕು. ಹಳೇ ಭಯ ಇಳೀತದೆ.”

“ಮಂತ್ರಾನಾ?”

“ಮಂತ್ರ ಆಗಿದ್ರೆ ಆರು ವರ್ಸ ಕಾಲೇಜಿಗೆ ಯಾಕೆ ಕಳಿಸ್ತಿದ್ದೆ ಮಾರಾಯ, ಮನೇಲೇ ಹೇಳ್ಕೊಡ್ತಿದ್ದೆ.”

ಶ್ಯಾಮಲಮ್ಮ ಒಪ್ಪಿದ್ದು ಚಿಕಿತ್ಸೆಯ ಮೇಲಿನ ನಂಬಿಕೆಯಿಂದಲ್ಲ. “ಬಾಬಾಜಾನ್ ಒಂದಿನವೂ ಅಂದಾಜು ಹೇಳ್ದೋನಲ್ಲ. ಅವನ ಮಗಳಾದ್ರೆ ನೋಡಣ” ಎಂದು ಕಂದು ಸ್ವೆಟರು ತೊಟ್ಟು ಹೊರಟಳು.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಸಾಬ್ರೀನಳ ಕೋಣೆ. ಮೊದಲೆರಡು ಸಲ ಆ ಹುಡುಗಿ ಬೆರಳನ್ನೇ ಎತ್ತಲಿಲ್ಲ. ಕೇಳಿಸಿಕೊಂಡಳು, ನಿದ್ದೆಯ ಬಗ್ಗೆ, ಊಟದ ಬಗ್ಗೆ ವಿಚಾರಿಸಿದಳು, ಮನಸ್ಸಿಗೆ ನೆಮ್ಮದಿ ಕೊಡುವ ಒಂದು ಜಾಗವನ್ನು ನೆನೆದುಕೊಳ್ಳಲು ಹೇಳಿಕೊಟ್ಟಳು. ನೀರು ಹಾಯಿಸಿದ ಮರುದಿನದ ಹಿಪ್ಪುನೇರಳೆ ತೋಟ ಎಂದಳು ಶ್ಯಾಮಲಮ್ಮ. ಈ ವಿದ್ಯೆಯನ್ನು ಸಾಬ್ರೀನ್ ಬಿಡಿಸಿ ಹೇಳಿದ್ದು ಹೀಗೆ: ದಿನದಿನದ ನೆನಪುಗಳು ತಿಂದ ಅನ್ನದಂತೆ ಜೀರ್ಣವಾಗಿ ಹಿಂದಕ್ಕೆ ಸರಿಯುತ್ತವೆ, ಆದರೆ ಎದೆಯೊಡೆಯುವಂಥ ಗಳಿಗೆ ಜೀರ್ಣವಾಗದೆ, ತನ್ನ ವಾಸನೆ ತನ್ನ ಬಿಸಿಯ ಸಮೇತ ಹಾಗೇ ಕುಳಿತಿರುತ್ತದೆ, ಅದರ ಹೋಲಿಕೆಯದೇನು ಕಂಡರೂ ಈಗಲೇ ನಡೆಯುತ್ತಿರುವಂತೆ ಎದ್ದು ಬರುತ್ತದೆ. ಆ ಗಳಿಗೆಯನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಕಣ್ಣು ಆಚೀಚೆ ಆಡುತ್ತಿದ್ದರೆ, ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಊರಿದಂತಾಗಿ, ನೆನಪಿನ ಕಾವು ಇಳಿಯುತ್ತ ಬರುತ್ತದೆ.

“ಯಾಕೆ ಇಳೀತದೆ?”

“ಅದನ್ನ ಓದಿದೋರೇ ಇನ್ನೂ ವಾದ ಮಾಡ್ತಿದಾರಮ್ಮ. ತುಂಬ ಜನಕ್ಕೆ ಇಳಿಯೋದಂತೂ ನಿಜ. ಎಲ್ಲಾರ್ಗೂ ಅಂತ ಹೇಳಲ್ಲ.”

ಈ ಉತ್ತರ ಶ್ಯಾಮಲಮ್ಮನಿಗೆ ಹಿಡಿಸಿತು. ಆ ಬೆಳಗನ್ನು ನೆನೆದರೆ ಆಗುವ ಸಂಕಟಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಡಿ ಎಂದಾಗ, ಕಣ್ಣು ಮುಚ್ಚಿ ತೂಗಿ, “ಒಂಬತ್ತೂವರೆ” ಎಂದಳು.

“ಅರ್ಧ ಯಾಕಮ್ಮ ಬಿಟ್ರಿ?”

“ಹತ್ತಾಗಿದ್ರೆ ಇಲ್ಲಿಗೆ ಬರೋಕಾಗ್ತಿರ್ಲಿಲ್ಲ.”

ಮೂರನೆಯ ಸಲ ಬೆರಳು ಎದ್ದಿತು. ಬಲಕ್ಕೆ ಹೋದಾಗ ಶ್ಯಾಮಲಮ್ಮನ ಕಣ್ಣು ಸಲೀಸಾಗಿ ಅದರ ಹಿಂದೆ ಹೋಯಿತು. ಎಡಕ್ಕೆ ಹೊರಳಿದಾಗ ಮೂಗಿನ ನೇರಕ್ಕೆ ಬಂದು ನಿಂತುಬಿಟ್ಟಿತು. ಇನ್ನೊಮ್ಮೆ, ಮತ್ತೊಮ್ಮೆ, ನಿಧಾನವಾಗಿ, ಇನ್ನೂ ನಿಧಾನವಾಗಿ. ಹೊಳೆಯ ನಡುವೆ ಬೆದರಿದ ಹಸುವಿನ ಹಾಗೆ ಅದು ಅಲ್ಲಿಂದಾಚೆ ಮಿಸುಕಲಿಲ್ಲ. ಸಾಬ್ರೀನ್ ಬೇಸರಪಡಲಿಲ್ಲ. ಕಣ್ಣಿಗೆ ಕಷ್ಟವಾದವರಿಗೆ ಎರಡೂ ಕೈಗಳನ್ನು ಒಂದಾದ ಮೇಲೊಂದರಂತೆ ಮೆತ್ತಗೆ ತಟ್ಟಿಯೂ ಇದನ್ನು ಮಾಡಬಹುದು, ಹಾಗೇ ಮಾಡೋಣ ಎಂದಳು.

ಶ್ಯಾಮಲಮ್ಮ ಕೈಗಳನ್ನು ಸ್ವೆಟರಿನೊಳಗೆ ಎಳೆದುಕೊಂಡಳು. “ತಪ್ಪು ಮಾಡಿದ್ದು ಕಣ್ಣು ಕಣಮ್ಮ. ಕೈಗ್ಯಾಕೆ ಕೆಲಸ ಕೊಡ್ತೀಯ?”

ಆಮೇಲೆ ಹೇಳಿದಳು. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು, ಸೊಪ್ಪು ಹೆಚ್ಚುವಷ್ಟೇ ಅಳತೆಯಲ್ಲಿ, ಬಾಬಾಜಾನನ ಮಗಳ ಮುಂದೆ ಹೇಳಿದಳು.

“ಬಾಗ್ಲು ತೆಗ್ದೆ. ಬಲಕ್ಕೆ ಹುಳದ ತಟ್ಟೆ, ಎಡಕ್ಕೆ ಅವಳ ಚಾಪೆ. ನಾನು ಮೊದ್ಲು ಹುಳ ನೋಡ್ದೆ. ಮನುಷ್ಯಳನ್ನ ಬಿಟ್ಟು ಹುಳ ನೋಡ್ದೆ. ಹುಳ ಒಂದೂ ಸತ್ತಿರ್ಲಿಲ್ಲ, ತಲೆ ಎತ್ತಿ ಸೊಪ್ಪು ಕೇಳ್ತಿದ್ವು. ನಂಗೆ ಸಂತೋಷ ಆಯ್ತು. ಆ ಸಂತೋಷ ಇಟ್ಕೊಂಡೇ ಎಡಕ್ಕೆ ತಿರುಗ್ದೆ.”

 ಅದನ್ನು ನೆನೆದಾಗ ನಿಮ್ಮ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಸಾಬ್ರೀನ್ ಕೇಳಿದಳು. “ನಾನು ಹುಳಕ್ಕಿಂತ ಕಡೆ” ಎಂಬ ಉತ್ತರ ತಡವಿಲ್ಲದೆ ಬಂತು. ಕಲ್ಯಾಣಿಯ ಉಸಿರು ಎಷ್ಟೋ ಗಂಟೆಗಳ ಹಿಂದೆಯೇ ನಿಂತಿತ್ತಲ್ಲ, ಮೊದಲು ಎಡಕ್ಕೇ ನೋಡಿದ್ದರೂ ಆಗುವುದೇನಿತ್ತು ಎಂಬ ಸಮಾಧಾನವನ್ನು ಆ ಹುಡುಗಿ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ, ಅದು ಶ್ಯಾಮಲಮ್ಮನ ಬುದ್ಧಿಗೆ ಗೊತ್ತೇ ಇತ್ತು. ಗೊತ್ತಿಲ್ಲದೆ ಇದ್ದದ್ದು ಭುಜಕ್ಕೆ, ಅಂಗೈಗೆ, ಕಣ್ಣಿಗೆ.

ವಾರಕ್ಕೊಮ್ಮೆ, ಮಂಗಳವಾರ. ಬೆರಳಿನ ಹಿಂದೆ ಕಣ್ಣು ಹೋದಷ್ಟು ದೂರ ಹೋಗುವುದು, ನಿಲ್ಲುವುದು, “ಏನು ಬಂತಮ್ಮ?” ಎಂದರೆ ಬಂದದ್ದನ್ನು ಹೇಳುವುದು. ಒಂದು ಸಲ ಗೋಣಿತಾಟಿನ ಕಮಟು ವಾಸನೆ ಬಂತು. ಒಂದು ಸಲ ಮುಖಕ್ಕೆ ಹೊಡೆದ ಬಿಸಿ. ಒಂದು ಮಂಗಳವಾರ ಏನೂ ಬರಲಿಲ್ಲ, ಬರೀ ಅಳು; ಅಂದು ಹಿಪ್ಪುನೇರಳೆ ತೋಟವನ್ನು ನೆನೆಸಿ ಮನೆಗೆ ಕಳಿಸಿದಳು ಸಾಬ್ರೀನ್. ಬಸ್ಸಿನಲ್ಲಿ ಆವಲಪ್ಪ “ಇನ್ನು ಸಾಕು ಕಣೇ” ಎಂದ. “ಕಣ್ಣು ಎಡತುದಿ ಮುಟ್ಟಕ್ಕೆ ಇನ್ನೊಂದು ಬೆರಳಗಲ ಉಳ್ಕೊಂಡಿದೆ” ಎಂದಳು ಅವಳು.

ಆ ಬೆರಳಗಲ ದಾಟಿದ್ದು ಏಳನೆಯ ಮಂಗಳವಾರ. ಅಂದು ಎದ್ದು ಬಂದದ್ದು ಆ ಬೆಳಗಲ್ಲ, ಅದರ ಹಿಂದಿನ ಬೆಳಗುಗಳು, ಸಾಲಾಗಿ, ಒಂದರ ಬೆನ್ನಿಗೊಂದು. ಬಾಗಿಲು ತೆಗೆದ ಸದ್ದಿಗೆ ಕಲ್ಯಾಣಿ ಕಂಬಳಿಯೊಳಗಿಂದ ತಲೆಯನ್ನೂ ಹೊರಹಾಕದೆ, ನಿದ್ದೆಗಣ್ಣಿನ ತೆಲುಗಿನಲ್ಲಿ ಹುಳು ಹೇಗಿವೆ ಎಂದು ಕೇಳುವಳು: “ಅಕ್ಕಾ, ಪುರುಗುಲು ಎಟ್ಲುಂಡಾಯ್?” ಶ್ಯಾಮಲಮ್ಮ ಬಲಕ್ಕೆ ಒಮ್ಮೆ ಕಣ್ಣಾಡಿಸಿ, “ಚೆನ್ನಾಗವೆ ಕಣೇ, ಏಳು” ಎನ್ನುವಳು. ಆ ಮಾತಾದ ಮೇಲೆಯೇ ಕಂಬಳಿ ಅಲುಗುವುದು. ಅವಳ ಸರದಿಯ ಬೆಳಗುಗಳಲ್ಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. ಮತ್ತು ಆ ದಿನವೂ, ಯಾರೂ ಕೇಳದಿದ್ದರೂ, ಬಲಕ್ಕೆ ನೋಡಿ, “ಚೆನ್ನಾಗವೆ ಕಣೇ, ಏಳು” ಎಂದು ಅವಳು ಗಟ್ಟಿಯಾಗಿ ಹೇಳಿದ್ದಳು. ಇಷ್ಟು ವರ್ಷ ಎಲ್ಲವೂ ನೆನಪಿದ್ದು, ಆಡಿದ ಆ ಒಂದು ಮಾತು ಮಾತ್ರ ಮರೆತುಹೋಗಿತ್ತು.

ಬೆರಳು ನಿಂತಿತ್ತು. ಕಣ್ಣು ಎಡತುದಿಯಲ್ಲಿತ್ತು.

“ಹುಳ ನೋಡಿದ್ದು ಅವಳಿಗೆ ಹೇಳಕ್ಕೆ” ಎಂದಳು ಶ್ಯಾಮಲಮ್ಮ. “ಎದ್ದ ತಕ್ಷಣ ಅವಳಿಗೆ ಅದೇ ಬೇಕಾಗ್ತಿತ್ತು.”

ಇನ್ನೆರಡು ಮಂಗಳವಾರಗಳಾದ ಮೇಲೆ ಸಾಬ್ರೀನ್ ಮತ್ತೆ ಅಂಕಿ ಕೇಳಿದಳು. “ಎರಡು.”

“ಸೊನ್ನೆಗೆ ತರಣ್ವಾ?”

“ಬೇಡ. ಎರಡು ಅವಳದು, ಇರ್ಲಿ.”

ಅಷ್ಟರಲ್ಲಿ ಹರಿತಾಗೆ ಎಂಟು ತುಂಬುತ್ತಿತ್ತು. ಶ್ಯಾಮಲಮ್ಮ ಗಂಡನನ್ನೂ ಕರೆಯದೆ ಒಬ್ಬಳೇ ಚಿಂತಾಮಣಿಯ ಬಸ್ಸು ಹತ್ತಿದಳು. ಬಾಗಿಲು ತೆಗೆದ ಹರಿತಾ ಬಾ ಎನ್ನಲಿಲ್ಲ, ಬರಬೇಡವೆನ್ನಲೂ ಇಲ್ಲ. ಲೋಟದಲ್ಲಿ ನೀರು ತಂದಿಟ್ಟು ಕುರ್ಚಿಯ ಅಂಚಿನಲ್ಲಿ ಕುಳಿತಳು. ಹೇಳಬೇಕಾದದ್ದು ಯಾರ ತಾಯಿಯ ವಿಷಯ ಎಂಬುದನ್ನು ದಾರಿಯುದ್ದಕ್ಕೂ ನೆನೆಯುತ್ತ ಬಂದಿದ್ದ ಶ್ಯಾಮಲಮ್ಮ ನೀರನ್ನು ಮುಟ್ಟದೆ, ಬಾಗಿಲು, ಬುಟ್ಟಿ, ಬಲ, ಎಡ, ಸಂತೋಷ, ಒಂದನ್ನೂ ಬಿಡದೆ ಹೇಳಿದಳು. “ಅದಕ್ಕೇ ಬಾಣಂತನ ಬೇಡ ಅಂದಿದ್ದು. ನಿನ್ನ ಮೇಲೆ ಪ್ರೀತಿ ಇಲ್ದೆ ಅಲ್ಲ. ಈಗ ನೀನು ಬೈದ್ರೂ ಸರಿ, ಬರಲ್ಲ ಅಂದ್ರೂ ಸರಿ.”

ಹರಿತಾ ನೆಲ ನೋಡುತ್ತಿದ್ದಳು. “ಇದನ್ನ ಒಳಗಿಟ್ಕೊಂಡು ನಂಗೆ ದಿನಾ ಜಡೆ ಹಾಕ್ತಿದ್ಯಾ?” ಎಂದಳು. ಸಿಟ್ಟೋ ಮರುಕವೋ ತಿಳಿಯುವಂತಿರಲಿಲ್ಲ. ಆಮೇಲೆ ತಲೆಯೆತ್ತಿ ಕೇಳಿದಳು: “ಅವಳು ಹೆಂಗೆ ಕೇಳ್ತಿದ್ಳು?”

“ಏನನ್ನ?”

“ಹುಳಾನ. ನಂಗೆ ಅವಳ ದನಿ ಒಂದು ಚೂರೂ ನೆನಪಿಲ್ಲಮ್ಮ. ಇರೋದು ಒಂದೇ ಫೋಟೋ. ಅವಳು ಹೆಂಗೆ ಹೇಳ್ತಿದ್ಳೋ ಹಂಗೇ ಹೇಳು. ಅಂದಾಜು ಬೇಡ.”

ಶ್ಯಾಮಲಮ್ಮ ಸೆರಗನ್ನು ತಲೆಯ ಮೇಲೆ ಕಂಬಳಿಯಂತೆ ಎಳೆದುಕೊಂಡಳು. ಕಲ್ಯಾಣಿಯ ದನಿ ಸಣ್ಣದು, ಕೊನೆಯಲ್ಲಿ ಮೇಲಕ್ಕೇಳುವಂಥದು. ಅರವತ್ತರ ಒಡಕು ಗಂಟಲಿನಲ್ಲಿ ಅದನ್ನು ಹಿಡಿಯಲು ಅವಳು ಎರಡು ಸಲ ತಡವರಿಸಿದಳು, ಮೂರನೆಯ ಸಲ ಹಿಡಿದಳು. “ಅಕ್ಕಾ, ಪುರುಗುಲು ಎಟ್ಲುಂಡಾಯ್?” ಹರಿತಾ “ಇನ್ನೊಮ್ಮೆ” ಎಂದಳು. “ಮತ್ತೂ ಒಮ್ಮೆ” ಎಂದಳು. ಆಮೇಲೆ ಹೊಟ್ಟೆ ಹಿಡಿದು ಎದ್ದು ಕಪಾಟಿನಿಂದ ಬ್ಯಾಗು ಇಳಿಸಿದಳು. “ಮೂರು ಗಂಟೆ ಬಸ್ಸಿಗೆ ಹೋಗಣ. ಆ ನೀರು ಕುಡಿ ಮೊದ್ಲು.”

ಗಂಡು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಬಂದ ದಿನವೇ ಅಮ್ಮಾಜಮ್ಮ ಕೆಂಡದ ಬೋಗುಣಿ ಹಿಡಿದು ಬಂದಳು. ಶ್ಯಾಮಲಮ್ಮ ಕೋಣೆಯ ಎರಡೂ ಕಿಟಕಿ ತೆರೆದು, ಬೋಗುಣಿಯನ್ನು ಅಂಗಳದಲ್ಲೇ ಇಳಿಸಿಕೊಂಡು ನೀರು ಸುರಿದಳು.

“ಏನೇ ಇದು! ಬಾಣಂತಿಗೆ ಗಾಳಿ ತಾಕಿದ್ರೆ ಸನ್ನಿ ಹಿಡೀತದೆ ಕಣೇ!”

“ಸನ್ನಿ ಹಿಡಿದ್ರೆ ಬಿಡಿಸಣ ಅಮ್ಮಾಜಕ್ಕ. ಉಸಿರು ಹೋದ್ರೆ ನೀನು ತಂದ್ಕೊಡ್ತೀಯಾ?”

ಅಮ್ಮಾಜಮ್ಮ ಮೂರು ದಿನ ಮುನಿಸಿಕೊಂಡು, ನಾಲ್ಕನೆಯ ದಿನ ಕೂಸಿಗೆ ನೀರು ಹಾಕಲು ತಾನಾಗಿಯೇ ಬಂದಳು. ಶ್ಯಾಮಲಮ್ಮನ ಭಯವೆಲ್ಲ ಹಾರಿಹೋಯಿತು ಎಂದರೆ ಅಂದಾಜಿನ ಮಾತಾದೀತು. ಮಲಗಿದ ತಾಯಿ ಮಗುವಿನ ಮೂಗಿನ ಬಳಿ ಬೆರಳ ಹಿಂಬದಿ ಹಿಡಿದು ಉಸಿರು ನೋಡುವುದನ್ನು ಅವಳು ಬಿಡಲಿಲ್ಲ. ದಿನಕ್ಕೆ ಏಳು ಸಲ ಎಂದು ಹರಿತಾ ಎಣಿಸಿದಳು. ಒಂಬತ್ತು ಎಂದು ಶ್ಯಾಮಲಮ್ಮ ತಿದ್ದಿದಳು. ಆದರೆ ಮೂರು ತಿಂಗಳೂ ಆ ಕೋಣೆಗೆ ಬೆಳಿಗ್ಗೆ ಮೊದಲು ಹೋದವಳು ಅವಳೇ. ಬಾಣಂತಿಯ ಎಣ್ಣೆ, ಬಿಸಿನೀರು, ಮೆಣಸಿನ ಸಾರು, ಯಾವುದಕ್ಕೂ ಬೇರೆ ಕೈ ತಾಕಲು ಬಿಡಲಿಲ್ಲ.

ಮನೆಮನೆಯಲ್ಲೂ ಎಲ್ಲರಿಗಿಂತ ಮೊದಲು ಏಳುವ ಒಬ್ಬ ಹೆಂಗಸು ಇರುತ್ತಾಳೆ. ಬೆಳಗಿನವರೆಗೆ ಮನೆಯಲ್ಲಿ ಏನೇ ಆಗಿರಲಿ, ಕರು ಸತ್ತಿರಲಿ, ಮುದುಕರಿಗೆ ಬಾಯಿ ತಿರುಗಿರಲಿ, ಅದನ್ನು ಮೊದಲು ಕಾಣುವ ಕಣ್ಣು ಅವಳದು. ಕಂಡು, ಮಿಕ್ಕವರನ್ನು ಎಬ್ಬಿಸುವವಳೂ ಅವಳೇ. ಎದ್ದು ಬಂದವರು ಏನಾಯಿತು ಎಂದು ಕೇಳುತ್ತಾರೆ, ಅಳುತ್ತಾರೆ, ಓಡಾಡುತ್ತಾರೆ. ನೀನು ಒಬ್ಬಳೇ ನಿಂತಿದ್ದ ಆ ಗಳಿಗೆಯಲ್ಲಿ ಕಂಡದ್ದೇನು ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಅಂಥವರು ಮರೆಸಿಕೊಡಿ ಎಂದು ಬೇಡುವ ಜಾತಿಯವರಲ್ಲ. ಅರ್ಧಕ್ಕೆ ನಿಂತ ನೋಟವನ್ನು ಪೂರ್ತಿ ನೋಡಿ ಮುಗಿಸುವಷ್ಟು ಹೊತ್ತು ಯಾರಾದರೂ ತಾಳ್ಮೆಯಿಂದ ಎದುರಿಗೆ ಕುಳಿತರೆ ಅವರಿಗೆ ಸಾಕು. ನೋಡಿ ಮುಗಿಸಿದ ಮೇಲೆ ಅವರು ಅಲ್ಲೇ ಕೂತುಬಿಡುವುದೂ ಇಲ್ಲ, ಎದ್ದು ಹೊರಡುತ್ತಾರೆ; ಹಿತ್ತಿಲ ಒಲೆಯ ಮೇಲೆ ಬಾಣಂತಿಯ ನೀರು ಕಾದಿರುತ್ತದೆ.